ಈಜುವ ಬೀಜಾಣು ಮತ್ತು ಸೂಕ್ಷ್ಮಜೀವಿಗಳ ಗ್ಲೈಕೋಲಿಪಿಡ್

ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ ಮತ್ತು ಶುಂಠಿಯ ಗೆಡ್ಡೆ ಕೊಳೆ ಬೇರೆ ಬೇರೆ ಬೆಳೆಗಳ ರೋಗಗಳಾದರೂ, ಮೊದಲೆರಡಕ್ಕೆ ಕಾರಣವಾದ ಫೈಟಾಫ್ತೊರ ಮತ್ತು ಮೂರನೆಯದಕ್ಕೆ ಮುಖ್ಯ ಕಾರಣವಾದ ಪಿಥಿಯಂ ಒಂದೇ ಬಳಗದ ಜೀವಿಗಳಾಗಿದ್ದು, ಮಳೆಗಾಲದಲ್ಲಿ ನೀರನ್ನೇ ವಾಹನವಾಗಿ ಮಾಡಿಕೊಂಡು ಹರಡುತ್ತವೆ. ಇವುಗಳ ಬೀಜಾಣು ಚೀಲಗಳು ತಂಪು ನೀರಿನಲ್ಲಿ ಒಡೆದಾಗ, ಬಾಲದಂತಹ ಎರಡು ಎಳೆಗಳನ್ನು ಬಡಿಯುತ್ತ ಈಜಬಲ್ಲ ಚರಬೀಜಾಣುಗಳು ಹೊರಬರುತ್ತವೆ. ಈ ಜೀವಿಗಳ ಎಳೆಗಳಿಗೆ ರಕ್ಷಣೆ ಕೊಡುವ ಗಟ್ಟಿಯಾದ ಕೋಶಭಿತ್ತಿ ಈ ಹಂತದಲ್ಲಿ ಇರುವುದಿಲ್ಲ; ಜೀವರಸವನ್ನು ಹಿಡಿದಿಡುವುದು ತೆಳುವಾದ ಕೊಬ್ಬಿನ ಪೊರೆಯೊಂದೇ. ಕೆಲವು ಸೂಕ್ಷ್ಮಜೀವಿಗಳು ತಯಾರಿಸುವ ಗ್ಲೈಕೋಲಿಪಿಡ್‌ಗಳು ದಾಳಿ ಮಾಡುವುದು ಈ ಪೊರೆಯ ಮೇಲೆಯೇ.

ಗ್ಲೈಕೋಲಿಪಿಡ್ ಎಂದರೆ ಸಕ್ಕರೆಯ ಭಾಗವೊಂದು ಕೊಬ್ಬಿನಾಮ್ಲಕ್ಕೆ ಸೇರಿಕೊಂಡಿರುವ ಅಣು. ಸಕ್ಕರೆಯ ತುದಿ ನೀರನ್ನು ಬಯಸುತ್ತದೆ, ಕೊಬ್ಬಿನ ತುದಿ ನೀರಿನಿಂದ ದೂರ ಸರಿಯುತ್ತದೆ. ಆದ್ದರಿಂದ ಇದು ಸೋಪಿನಂತೆ ನೀರಿನ ಮೇಲ್ಮೈ ಎಳೆತವನ್ನು, ಅಂದರೆ ಹನಿಯನ್ನು ಗುಂಡಗೆ ಹಿಡಿದಿಡುವ ಬಲವನ್ನು, ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 30ಕ್ಕೆ ಇಳಿಸುತ್ತದೆ. ಇಂತಹ ಜೈವಿಕ ಸರ್ಫ್ಯಾಕ್ಟೆಂಟ್‌ಗಳಲ್ಲಿ ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾದ ರ್‍ಯಾಮ್ನೋಲಿಪಿಡ್ ಮತ್ತು ಸ್ಟಾರ್ಮೆರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟಿನ ಸೊಫೊರೊಲಿಪಿಡ್ ಹೆಚ್ಚು ಅಧ್ಯಯನಕ್ಕೆ ಒಳಗಾಗಿವೆ.

1997ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಟ್ಯಾಂಗೆಲಿನಿ ಮತ್ತು ಮಿಲ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರ್ ನೀರಿಗೆ 5ರಿಂದ 30 ಮಿಲಿಗ್ರಾಂನಷ್ಟು ಶುದ್ಧ ರ್‍ಯಾಮ್ನೋಲಿಪಿಡ್ ಇದ್ದರೂ ಚರಬೀಜಾಣುಗಳ ಪೊರೆಯೊಳಗೆ ಅದು ನುಸುಳಿ, ಒಂದು ನಿಮಿಷದೊಳಗೆ ಅವು ಒಡೆದುಹೋಗುವುದು ಕಂಡುಬಂತು. 2004ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಜೈವಿಕ ಶಿಲೀಂಧ್ರನಾಶಕವಾಗಿ ನೋಂದಾಯಿಸಿತು.

ಆದರೆ ಈ ಶಕ್ತಿಯ ಮಿತಿಯೂ ಅದೇ ಪೊರೆಯಲ್ಲಿದೆ. ಚರಬೀಜಾಣು ಈಜುವುದನ್ನು ನಿಲ್ಲಿಸಿ, ಬಾಲಗಳನ್ನು ಕಳಚಿ, ಸುತ್ತ ಭಿತ್ತಿ ಕಟ್ಟಿಕೊಂಡರೆ ಪರಿಣಾಮ ತೀರ ಕಡಿಮೆಯಾಗುತ್ತದೆ. ಬೇರಿನ ಅಥವಾ ಕಾಯಿಯ ಒಳಗೆ ಇಳಿದ ರೋಗಾಣುವನ್ನು ಗ್ಲೈಕೋಲಿಪಿಡ್ ಮುಟ್ಟುವುದೇ ಇಲ್ಲ. ಬ್ಯಾಕ್ಟೀರಿಯಾಗಳ ಪೈಕಿ ಹೊರಪೊರೆಯ ಕವಚವುಳ್ಳ ಗ್ರಾಂ ಋಣ ಗುಂಪಿನವು ಇದನ್ನು ಹೆಚ್ಚು ತಡೆದುಕೊಳ್ಳುತ್ತವೆ, ಹಾಗಾಗಿ ಶುಂಠಿ ಮತ್ತು ಟೊಮೆಟೊದ ಬ್ಯಾಕ್ಟೀರಿಯಾ ಸೊರಗು ರೋಗಕ್ಕೆ ಇದನ್ನು ಮದ್ದೆಂದು ನೆಚ್ಚುವುದು ಸರಿಯಲ್ಲ. ಮಣ್ಣಿನಲ್ಲಿ ಬೇಗ ಕೊಳೆಯುವ ಗುಣ ಪರಿಸರಕ್ಕೆ ಒಳ್ಳೆಯದು. ಬೆಳೆಗಾರರಿಗೆ ಅದರ ಅರ್ಥ ರಕ್ಷಣೆ ಹೆಚ್ಚು ದಿನ ನಿಲ್ಲದು ಎಂಬುದು.

ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬಳಕೆಗೆ ತಂದ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ, ಗೊನೆಗಳಿಗೆ ಇಂದಿಗೂ ಮೊದಲ ಮದ್ದು. ಅದಕ್ಕೆ ಬದಲಾಗಿ ಗ್ಲೈಕೋಲಿಪಿಡ್ ಸಿಂಪಡಿಸಿ ಮಳೆಗಾಲ ದಾಟಿಸುವ ಸಾಹಸ ಬೇಡ. ಇವುಗಳ ಉಪಯೋಗ ಹೆಚ್ಚು ಸೂಕ್ತವೆನಿಸುವುದು ನೀರು ನಿಲ್ಲುವ ಮೆಣಸಿನ ನರ್ಸರಿ ಪಾತಿಗಳಲ್ಲಿ, ಒಂದೇ ನೀರು ಮರಳಿ ಹರಿಯುವ ಮಣ್ಣಿಲ್ಲದ ಬೇಸಾಯದಲ್ಲಿ ಮತ್ತು ವರ್ಷವರ್ಷವೂ ಮೈಲುತುತ್ತದ ತಾಮ್ರ ಬಿದ್ದು ಅದರ ಅಂಶ ಮಣ್ಣಿನಲ್ಲಿ ಏರಿರುವ ತೋಟಗಳ ಬುಡ ಭಾಗಕ್ಕೆ. ಬಸಿಗಾಲುವೆ ಸರಿಯಿಲ್ಲದಿದ್ದರೆ ಯಾವ ಮದ್ದೂ ಹೆಚ್ಚು ಸಹಾಯ ಮಾಡುವುದಿಲ್ಲ.

ರ್‍ಯಾಮ್ನೋಲಿಪಿಡ್ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವುದರಿಂದ ಅದನ್ನು ಬೋರ್ಡೋ ದ್ರಾವಣದ ಪೀಪಾಯಿಗೆ ಬೆರೆಸಬಾರದು. ಎರುಜಿನೋಸಾ ಬ್ಯಾಕ್ಟೀರಿಯಾ ಮನುಷ್ಯರ ಗಾಯ ಮತ್ತು ಶ್ವಾಸಕೋಶಕ್ಕೆ ಸೋಂಕು ತರಬಲ್ಲದಾದ್ದರಿಂದ ಅದನ್ನು ತೋಟದಲ್ಲಿ ಬೆಳೆಸುವ ಪ್ರಯತ್ನವೂ ಸಲ್ಲದು. ಅಂಗಡಿಯಲ್ಲಿ ದೊರೆಯುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಪುಡಿ ಬೇರೆಯದೇ ಜಾತಿ. ಡಬ್ಬಿಯ ಮೇಲೆ ‘ಜೈವಿಕ’ ಎಂದು ಬರೆದಿರುವುದರಿಂದಲೇ ಅದು ಗ್ಲೈಕೋಲಿಪಿಡ್ ಆಗುವುದಿಲ್ಲ, ಅದು ಎಲೆಗೆ ಅಂಟುವ ಸಾಮಾನ್ಯ ಸಿಲಿಕೋನ್ ದ್ರಾವಣವೂ ಆಗಿರಬಹುದು. ಶಿಲೀಂಧ್ರನಾಶಕವೆಂದು ಮಾರುವ ಡಬ್ಬಿಯಲ್ಲಿ ನೋಂದಣಿ ಸಂಖ್ಯೆ, ಸಕ್ರಿಯ ವಸ್ತುವಿನ ಹೆಸರು ಮತ್ತು ಪ್ರಮಾಣ ನಮೂದಾಗಿದೆಯೇ ಎಂದು ನೋಡಿ, ಮೊದಲು ಕೆಲವೇ ಗಿಡಗಳ ಮೇಲೆ ಪರೀಕ್ಷಿಸಿ, ಆನಂತರ ಇಡೀ ಪಾತಿಗೆ ಬಳಸಬೇಕು.