ಹೊಳೆ ಏರುವ ಮುನ್ನ ತಿಳಿಯುವುದು ಹೇಗೆ?



ಹೊಳೆಯಂಚಿನ ಮನೆಗಳಲ್ಲಿ ಒಂದು ಮಾತು ಸದಾ ಕೇಳಿಬರುತ್ತದೆ: "ಎಷ್ಟೇ ನೆರೆ ಬರಲಿ, ನಮ್ಮ ಮೆಟ್ಟಿಲು ದಾಟಿದ್ದಿಲ್ಲ." ಇದು ಹಿಂದಿನ ಅನುಭವ, ಮುಂದಿನ ಭರವಸೆಯಲ್ಲ. ನಾನೂ ಒಮ್ಮೆ ಇದೇ ತಪ್ಪು ಮಾಡಿದೆನು. ಊರಲ್ಲಿ ಮಳೆ ಹೊಳವಾಗಿದ್ದುದನ್ನು ನೋಡಿ, "ಇಂದು ಹೆದರಿಕೆಯಿಲ್ಲ" ಎಂದು ಒಬ್ಬ ರೈತರಿಗೆ ಹೇಳಿದೆ. ಅಂದು ಅಮಾವಾಸ್ಯೆ, ಘಟ್ಟದ ಮೇಲೆ ಮಳೆ ನಿಂತಿರಲಿಲ್ಲ. ನಡುರಾತ್ರಿ ಕೊಟ್ಟಿಗೆಗೆ ನೀರು ನುಗ್ಗಿತು. ಗೊಬ್ಬರದ ಚೀಲಗಳು ಕರಗಿದವು. ಕಟ್ಟಿದ್ದ ಕರು ಕಟ್ಟಿದಲ್ಲಿಯೇ ಸತ್ತಿತು. ಅಂಗಳದ ಆಕಾಶವನ್ನಷ್ಟೇ ನೋಡಿದರೆ ಸಾಲದೆಂಬುದನ್ನು ಆ ಕರು ನನಗೆ ಕಲಿಸಿತು. ಆ ಪಾಠವನ್ನು ಇಲ್ಲಿ ಬರೆದಿದ್ದೇನೆ.

೧. ನಿಮ್ಮ ಹೊಳೆ ಎಂಥದು?

ಮಾಡಿನ ಮೇಲೆ ಬಿದ್ದ ನೀರೆಲ್ಲ ಅಂಚಿಗೆ ಕಟ್ಟಿದ ಅಡಿಕೆ ದಬ್ಬೆಗೆ ಬಂದು ಸೇರುವುದಷ್ಟೆ? ಹಾಗೆಯೇ ಯಾವ ಪ್ರದೇಶದ ಮಳೆಯೆಲ್ಲ ಒಂದು ಹೊಳೆಗೆ ಬಂದು ಸೇರುವುದೋ ಅದು ಆ ಹೊಳೆಯ ಜಲಾನಯನ ಪ್ರದೇಶ. ನಮ್ಮ ಮೂರು ತಾಲೂಕುಗಳಲ್ಲಿ ಮೂರು ಬಗೆಯ ಹೊಳೆಗಳುಂಟು.

ಶರಾವತಿಯು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಇದಕ್ಕೆ ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇದೆ; ಕೆಳಗೆ ಗೇರುಸೊಪ್ಪೆಯ ಅಣೆಕಟ್ಟೂ ಇದೆ. ಮಳೆಗಾಲದ ಮೊದಲಲ್ಲಿ ಲಿಂಗನಮಕ್ಕಿ ಬರಿದಾಗಿರುವುದರಿಂದ ಮೇಲಿನ ನೀರನ್ನು ಅದು ಹಿಡಿದಿಡುತ್ತದೆ. ಜಲಾಶಯವು ೧,೮೧೯ ಅಡಿಯ ಪೂರ್ಣಮಟ್ಟಕ್ಕೆ ಸಮೀಪಿಸಿದ ಮೇಲೆ ಬಂದ ನೀರನ್ನು ಬಿಡಲೇಬೇಕಾಗುತ್ತದೆ. ಆದ್ದರಿಂದ ಜೂನಿನಲ್ಲಿ ತೊಂದರೆ ಕೊಡದ ಮಳೆಯೇ ಆಗಸ್ಟಿನಲ್ಲಿ ನೆರೆ ತರಬಹುದು. ಶರಾವತಿ ದಂಡೆಯವರು ಮಳೆಯ ಜೊತೆಗೆ ಜಲಾಶಯದ ಮಟ್ಟವನ್ನೂ ದಿನವೂ ವಿಚಾರಿಸತಕ್ಕದ್ದು.

ಅಘನಾಶಿನಿಯು ಶಿರಸಿಯ ಕಡೆ ಹುಟ್ಟಿ ಸಿದ್ದಾಪುರದ ಘಟ್ಟವನ್ನಿಳಿದು ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಇದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಮೇಲೆ ಬಿದ್ದದ್ದು ತಡೆಯಿಲ್ಲದೆ ಕೆಳಗೆ ಬರುತ್ತದೆ. ಇಲ್ಲಿ ಶಿರಸಿ, ಸಿದ್ದಾಪುರಗಳ ಮಳೆಯೇ ಮುನ್ಸೂಚನೆ.

ಭಟ್ಕಳದ ವೆಂಕಟಾಪುರ ಹೊಳೆ, ಹೊನ್ನಾವರದ ಗುಂಡಬಾಳಾ ಹೊಳೆ ಮೊದಲಾದವು ಚಿಕ್ಕವು, ಕಡಿದಾದವು. ಬೇಗ ಏರಿ ಬೇಗ ಇಳಿಯುತ್ತವೆ. ಸುದ್ದಿ ಬರುವವರೆಗೆ ಕಾದರೆ ಸಮಯವಿರುವುದಿಲ್ಲ. ಇಲ್ಲಿ ಮಳೆಯ ಮಾಪನವೇ ಆಧಾರ.

೨. ಮಳೆಯ ಲೆಕ್ಕ

ಒಂದು ಚದರ ಕಿಲೋಮೀಟರ್ ನೆಲದ ಮೇಲೆ ೧೦೦ ಮಿಲಿಮೀಟರ್ ಮಳೆ ಬಿದ್ದರೆ ಆಗುವ ನೀರು ೧೦ ಕೋಟಿ ಲೀಟರ್. ಜೂನ್ ಮೊದಲಲ್ಲಿ ಒಣನೆಲವು ಇದರಲ್ಲಿ ಒಂದು ಪಾಲನ್ನು ಕುಡಿಯುತ್ತದೆ. ಜುಲೈ ಹೊತ್ತಿಗೆ ನೆಲದ ಹೊಟ್ಟೆ ತುಂಬಿರುತ್ತದೆ. ಬಿದ್ದದ್ದರಲ್ಲಿ ಬಹುಪಾಲು ಹೊಳೆಗೆ ಓಡುತ್ತದೆ. ಹೀಗಾಗಿ ಇಂದಿನ ಮಳೆಯ ಜೊತೆಗೆ ಹಿಂದಿನ ಮೂರು ದಿನಗಳ ಮಳೆಯನ್ನೂ ಕೂಡಿಸಿ ನೋಡಬೇಕು.

ಹವಾಮಾನ ಇಲಾಖೆಯವರು ೨೪ ಗಂಟೆಗಳಲ್ಲಿ ೬೪.೫ ಮಿ.ಮೀ. ದಾಟಿದರೆ ಭಾರೀ ಮಳೆ, ೧೧೫.೬ಕ್ಕೆ ಮುಟ್ಟಿದರೆ ಅತಿ ಭಾರೀ, ೨೦೪.೪ ಮೀರಿದರೆ ಅತ್ಯಂತ ಭಾರೀ ಎನ್ನುತ್ತಾರೆ. ೨೦೨೨ರ ಆಗಸ್ಟ್ ೧-೨ರಂದು ಭಟ್ಕಳದಲ್ಲಿ ೫೦೦ ಮಿ.ಮೀ.ಗಿಂತ ಹೆಚ್ಚು ಸುರಿಯಿತು. ಪೇಟೆಯೊಳಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು.

ಅಳೆಯುವುದು ಕಷ್ಟವಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಮಾಡುಗಳಿಂದ ದೂರ ಬಯಲಲ್ಲಿಡಿ. ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿ ನೋಡಿ, ಬರೆದಿಟ್ಟು, ನೀರು ಚೆಲ್ಲಿರಿ. ಒಂದು ಸೆಂಟಿಮೀಟರ್ ಎಂದರೆ ೧೦ ಮಿ.ಮೀ. ಮಳೆ.

೩. ಕಡಲಿನ ಪಾಲು

ಭರತದ ವೇಳೆ ಕಡಲು ಹೊಳೆಯ ಬಾಯಿಗೆ ಅಡ್ಡಗಟ್ಟುತ್ತದೆ. ನೆರೆ ಹಿಂದೆ ನಿಲ್ಲುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಮರುದಿನಗಳಲ್ಲಿ ಭರತ ದೊಡ್ಡದು. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಇದನ್ನು ನಾನು ಹೇಳಬೇಕಿಲ್ಲ. ಕಟ್ಟೆಯ ಬಾಗಿಲು ತೆಗೆಯುವುದೂ ಹಾಕುವುದೂ ಭರತ-ಇಳಿತ ನೋಡಿಯೇ. ಆ ಜ್ಞಾನವನ್ನು ನೆರೆಗೂ ಬಳಸಿರಿ. ಘಟ್ಟದ ಮಳೆ, ಹಸಿನೆಲ, ದೊಡ್ಡ ಭರತ ಇವು ಮೂರೂ ಕೂಡಿದ ರಾತ್ರಿ ಅಪಾಯದ ರಾತ್ರಿ.

೪. "ನೂರು ವರ್ಷದ ನೆರೆ"

ಈ ಮಾತಿನ ಅರ್ಥ ನೂರು ವರ್ಷಕ್ಕೊಮ್ಮೆ ತಪ್ಪದೆ ಬರುವುದೆಂದಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರಕ್ಕೆ ಒಂದು ಎಂದರ್ಥ. ಮೂವತ್ತು ವರ್ಷ ಬಾಳುವ ಮನೆಗೆ ಅದು ಒಮ್ಮೆಯಾದರೂ ತಟ್ಟುವ ಸಂಭವ ಸುಮಾರು ನಾಲ್ಕರಲ್ಲಿ ಒಂದು! ಮನೆ ಕಟ್ಟುವ ಮೊದಲು ಈ ಲೆಕ್ಕ ಹಾಕಿರಿ.

೫. ಊರವರು ಮಾಡಬೇಕಾದುದು

ಹಿರಿಯರನ್ನು ಕೇಳಿ, ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಶಾಲೆ, ದೇವಸ್ಥಾನ, ಸೇತುವೆಗಳ ಗೋಡೆಯ ಮೇಲೆ ವರ್ಷ ಸಹಿತ ಬಣ್ಣದಿಂದ ಗುರುತಿಸಿರಿ. ದಡದಲ್ಲಿ ಅಡಿಗಳ ಗೆರೆ ಹಾಕಿದ ಕಂಬ ನೆಡಿರಿ. ಮಳೆ ಜೋರಿದ್ದಾಗ ಗಂಟೆಗೊಮ್ಮೆ ಓದಿ ಬರೆಯಿರಿ. ನೀರು ಎಷ್ಟಿದೆ ಎಂಬುದಕ್ಕಿಂತ ಗಂಟೆಗೆ ಎಷ್ಟು ಏರುತ್ತಿದೆ ಎಂಬುದೇ ಮುಖ್ಯ. ಮೇಲೂರಿನಲ್ಲಿ ನೆಂಟರೋ ಪರಿಚಯದವರೋ ಇದ್ದರೆ ಫೋನಿನಲ್ಲಿ ವಿಚಾರಿಸಿರಿ. ನೀವು ತಿಳಿದುದನ್ನು ಕೆಳಗಿನ ಊರಿಗೆ ತಿಳಿಸಿರಿ. ಜಿಲ್ಲೆಯ ವಿಪತ್ತು ಸಹಾಯವಾಣಿ ೧೦೭೭ ಎಂಬುದು ಮಕ್ಕಳಿಗೂ ಬಾಯಿಪಾಠವಿರಲಿ.

ಹೊಳೆಯಿಂದ ದೂರ ಹೋಗಿ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿರಿ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿದ್ದುದನ್ನು ನಾವು ಮರೆಯಲಾಗದು. ಮುದುಕರು, ಬಾಣಂತಿಯರು, ಮಕ್ಕಳು ಹಗಲಿನಲ್ಲಿಯೇ ಸುರಕ್ಷಿತ ಸ್ಥಳ ಸೇರಲಿ. ಹೊರಡುವಾಗ ದನಕರುಗಳ ಹಗ್ಗ ಬಿಚ್ಚುವುದನ್ನು ಮರೆಯದಿರಿ.

ಯುವಕ ಮಂಡಲ, ಮಹಿಳಾ ಮಂಡಲಗಳ ಚರ್ಚೆಗೆ ಪ್ರಶ್ನೆಗಳು:

(ಅ) ನಮ್ಮ ಊರಿಗೆ ಯಾವ ಯಾವ ಊರುಗಳ ಮಳೆನೀರು ಬರುತ್ತದೆ?
(ಆ) ನಮ್ಮಲ್ಲಿ ಮೊದಲು ಮುಳುಗುವ ಮನೆ, ದಾರಿ, ಬಾವಿ ಯಾವುವು?
(ಇ) ಬರುವ ಅಮಾವಾಸ್ಯೆಯ ರಾತ್ರಿ ಭರತ ಎಷ್ಟು ಗಂಟೆಗೆ?
(ಈ) ನಡುರಾತ್ರಿ ನೀರು ಬಂದರೆ ಯಾರು ಯಾರನ್ನು ಎಬ್ಬಿಸಬೇಕು?

ಕೊನೆಯ ಪ್ರಶ್ನೆಗೆ ಮಾತ್ರ ಹೆಸರುಗಳನ್ನು ಕಾಗದದ ಮೇಲೆ ಬರೆದು ಪಂಚಾಯತಿಯ ಗೋಡೆಗೆ ಅಂಟಿಸಿರಿ.