ಕಂಪ್ಯೂಟರ್ ಕೆಟ್ಟಿತೆಂದು ನಿದ್ದೆ ಕೆಡಿಸಿಕೊಳ್ಳಬೇಡಿ

ಪ್ರಶ್ನೆ: ನನಗೆ 43 ವರ್ಷ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳನ್ನು ಟೊರೆಂಟ್ ಮೂಲಕ ಇಳಿಸಿಕೊಂಡು, ಬೇರೆಯವರಿಗೂ ಸಿಗಲಿ ಎಂದು ಹಂಚುತ್ತಿದ್ದೆ. ಕಂಪ್ಯೂಟರ್ ಕ್ರ್ಯಾಶ್ ಆಗಿ ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಕ್ಯೂಬಿಟ್‌ಟೊರೆಂಟ್ ತಂತ್ರಾಂಶ ಯಾರೊಂದಿಗೂ ಕನೆಕ್ಟ್ ಆಗುತ್ತಿಲ್ಲ. ಒಂದು ವಾರದಿಂದ ನಡುರಾತ್ರಿ ದಾಟುವವರೆಗೂ ಅದರ ಮುಂದೆಯೇ ಕೂರುತ್ತಿದ್ದೇನೆ. ಕಣ್ಣು ಉರಿ, ಮರಳು ಬಿದ್ದಂತೆ ಚುಚ್ಚುತ್ತದೆ. ಕುತ್ತಿಗೆ ನೋವು. ಮಲಗಿದರೂ ನಿದ್ದೆ ಬಾರದು. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಡ್ರಾಪ್ಸ್ ಹಾಕುತ್ತಿದ್ದೇನೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಡ್ರಾಪ್ಸ್ ಬಾಟಲಿಯ ಲೇಬಲ್ ಓದಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಅಥವಾ ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಾಕಿದ ಕೂಡಲೇ ಹಾಯೆನಿಸುತ್ತದೆ. ಆದರೆ ವಾರಗಟ್ಟಲೆ ಹಾಕುತ್ತಾ ಹೋದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಕಣ್ಣಿನ ಪೊರೆಯೂ ಬೆಳೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ನೇತ್ರ ವೈದ್ಯರಿಗೆ ತೋರಿಸದೆ ಇನ್ನೊಂದು ಹನಿಯನ್ನೂ ಹಾಕಬೇಡಿ.

ನಿಮ್ಮ ಉರಿಗೆ ಕಾರಣ ಬಹುಮಟ್ಟಿಗೆ ಕಣ್ಣು ಒಣಗಿರುವುದು. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ತೆರೆಯನ್ನೇ ದಿಟ್ಟಿಸುವಾಗ ಅದು 5ರಿಂದ 7ಕ್ಕೆ ಇಳಿಯುತ್ತದೆ, ಕಣ್ಣೀರಿನ ತೆಳು ಪದರ ಆರಿಹೋಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ, ಬೇಕೆಂದೇ ರೆಪ್ಪೆ ಬಡಿಯಿರಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಿರಲಿ. ನಿಮ್ಮದು ಚಾಳೀಸಿನ ವಯಸ್ಸು, ಕನ್ನಡಕದ ನಂಬರನ್ನೂ ನೋಡಿಸಿಕೊಳ್ಳಿ.

ಕುತ್ತಿಗೆಗೆ: ತೆರೆ ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಇರಲಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಸಲೂನಿನಲ್ಲಿ ಕುತ್ತಿಗೆ ತಿರುಚಿ ನೆಟಿಕೆ ತೆಗೆಸಲೇಬೇಡಿ. ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದು. ನೋವು ತೋಳಿಗಿಳಿದು ಬೆರಳು ಜೋಮು ಹಿಡಿದರೆ ಅಥವಾ ಕೈಯ ಹಿಡಿತ ಸಡಿಲಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ನಿದ್ದೆಗೆ: ಕುಡಿದ ಕಾಫಿಯ ಕೆಫೀನ್ ಐದು ತಾಸಾದರೂ ಅರ್ಧದಷ್ಟು ದೇಹದಲ್ಲೇ ಉಳಿದಿರುತ್ತದೆ. ಸಂಜೆಯ ನಂತರ ಕಾಫಿ, ಚಹಾ ಬೇಡ. ಮಲಗುವ ಒಂದು ತಾಸು ಮೊದಲೇ ತೆರೆ ಆರಿಸಿ. ದೊಡ್ಡವರಿಗೂ ಕನಿಷ್ಠ 7 ತಾಸು ನಿದ್ದೆ ಬೇಕು.

ಇಷ್ಟಾದರೂ ಸಮಸ್ಯೆಯ ಬೇರು ಆ ತಂತ್ರಾಂಶದಲ್ಲಿದೆ. ಅದು ಸರಿಹೋಗದೆ ನೀವು ಮಲಗುವವರಲ್ಲ ಎಂದು ಬಲ್ಲೆ. ಹಾಗಾಗಿ ಬಲ್ಲವರನ್ನು ಕೇಳಿ ಬರೆಯುತ್ತಿದ್ದೇನೆ. ಹಗಲಿನಲ್ಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ:

1. ಕಂಪ್ಯೂಟರಿನ ದಿನಾಂಕ, ಸಮಯ ಸರಿಯಿದೆಯೇ? ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದರೆ, ಹಂಚುವವರನ್ನು ಪರಸ್ಪರ ಜೋಡಿಸುವ ಟ್ರ್ಯಾಕರ್‌ಗಳ ಸುರಕ್ಷಿತ ಸಂಪರ್ಕ ಆಗುವುದಿಲ್ಲ.

2. ಹೊಸ ವಿಂಡೋಸ್‌ಗೆ ಹಳೆಯ ಅನುಮತಿಗಳು ಗೊತ್ತಿಲ್ಲ. ಫೈರ್‌ವಾಲ್‌ನಲ್ಲಿ ಕ್ಯೂಬಿಟ್‌ಟೊರೆಂಟ್‌ಗೆ ಮತ್ತೆ ಅನುಮತಿ ಕೊಡಿ. ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡಬೇಡಿ.

3. ಮೊದಲು ರೂಟರಿನಲ್ಲಿ ಪೋರ್ಟ್ ತೆರೆದಿದ್ದರೆ, ಆ ಪೋರ್ಟ್ ಸಂಖ್ಯೆಯೂ ಕಂಪ್ಯೂಟರಿನ ಐಪಿ ವಿಳಾಸವೂ ಈಗ ಬದಲಾಗಿರಬಹುದು. ಎರಡನ್ನೂ ಹೊಂದಿಸಿ.

4. ಪುಸ್ತಕಗಳ ಕಡತ ಉಳಿದಿದ್ದರೆ ಮತ್ತೆ ಇಳಿಸಬೇಕಿಲ್ಲ. ಟೊರೆಂಟನ್ನು ಪುನಃ ಸೇರಿಸಿ, ಅದೇ ಫೋಲ್ಡರ್ ತೋರಿಸಿ, 'ಫೋರ್ಸ್ ರೀಚೆಕ್' ಕೊಡಿ. ಅದು ಕಡತದ ಪ್ರತಿ ತುಣುಕನ್ನೂ ಪರೀಕ್ಷಿಸುವುದರಿಂದ ತಾಸುಗಟ್ಟಲೆ ಹಿಡಿಯಬಹುದು. ಅಲ್ಲಿ ನಿಮಗೇನೂ ಕೆಲಸವಿಲ್ಲ. ಶುರು ಮಾಡಿ, ಮಾನಿಟರ್ ಆರಿಸಿ, ಮಲಗಿ.

ಹಳೆಯ ಪುಸ್ತಕಗಳನ್ನು ಹತ್ತು ಜನರಿಗೆ ಮುಟ್ಟಿಸುವ ನಿಮ್ಮ ಕೆಲಸ ದೊಡ್ಡದು. ಅದು ನಡೆಯಲು ನಿಮ್ಮ ಕಣ್ಣು ಚೆನ್ನಾಗಿರಬೇಕು. ಈ ವಾರದೊಳಗೆ ನೇತ್ರ ತಪಾಸಣೆ ಮಾಡಿಸಿಕೊಳ್ಳಿ, ಕಣ್ಣಿನ ಒತ್ತಡವನ್ನೂ ಅಳೆಯಲು ಹೇಳಿ.