ಗುಡ್ಡೆದಾರಿಯಲ್ಲಿ ಯಾರು ಯಾರಿಗೆ ಬದಿ ಕೊಡಬೇಕು?

ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯಾಗಿ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಕಾಲುದಾರಿ ಉಂಟಷ್ಟೆ. 2024ರ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಚಾರಣದವರು ಜಾತ್ರೆಯ ಹಾಗೆ ಸೇರಿದರು. ಆಮೇಲೆ ಸರಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಂತಿಷ್ಟೇ ಜನ ಎಂದಿತು. ತಲೆ ಎಣಿಸಿದರೆ ನೂಕಾಟ ಕಡಮೆಯಾದೀತು. ಎದುರುಬದುರಾದಾಗ ಹೇಗೆ ನಡೆಯಬೇಕೆಂಬುದನ್ನು ನಡೆಯುವವರೇ ಕಲಿಯಬೇಕು. ಸೊಪ್ಪಿನ ಹೊರೆ, ದನ, ಬೈಕು, ಚಾರಣದವರು ಎಲ್ಲ ಒಂದೇ ದಾರಿಯಲ್ಲಿ ಹೋಗುವ ನಮ್ಮ ಗುಡ್ಡೆಗಳಿಗೂ ಇದು ಬೇಕಾದ ಪಾಠ.

1. ತಲೆಹೊರೆಯವರಿಗೆ ಮೊದಲ ದಾರಿ. ಅವರಿಗೆ ಕತ್ತು ತಿರುಗಿಸಲಿಕ್ಕಾಗದು. ಹೊರೆ ಇಳಿಸಿದರೆ ಮತ್ತೆ ಎತ್ತಿ ಇಡಲು ಇನ್ನೊಬ್ಬರು ಬೇಕು.

2. ಹೊರೆ ಇಲ್ಲದಾಗ, ಇಳಿಯುವವರು ಹತ್ತುವವರಿಗೆ ಬದಿ ಕೊಡಬೇಕು. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೆಜ್ಜೆ ಎತ್ತುವುದು ಕಷ್ಟ.

3. ದನ ಬಂದರೆ ಗುಡ್ಡದ ಮಗ್ಗುಲಿಗೆ ಸರಿದು ಸುಮ್ಮನೆ ನಿಲ್ಲಿ. ಇಳಿಜಾರಿನ ಬದಿ ನಿಂತವರಿಗೆ ದನ ಸ್ವಲ್ಪ ತಾಗಿದರೂ ಸಾಕು, ಕೆಳಗುರುಳಿದ ಹಾಗೇ. ಬೈಕಿನವರು ಇಂಜಿನ್ ಆಫ್ ಮಾಡಬೇಕು.

4. ಬದಿ ಕೊಡಲು ನಿಂತರಾಯಿತು, ಪಕ್ಕದಲ್ಲಿ ಹೊಸ ಜಾಡು ಮಾಡಬಾರದು. ತುಳಿದಲ್ಲಿ ಹುಲ್ಲು ಸತ್ತು, ನೆಲ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಆಟಿಯ ಮಳೆಗೆ ಆ ಜಾಡೇ ಕಣಿಯಾಗಿ, ಮಣ್ಣೆಲ್ಲ ಕೆಳಗಿನವರ ತೋಟಕ್ಕೆ ಬಂದು ಬೀಳುತ್ತದೆ.

ನಮ್ಮ ಜಾಗದ ದಾರಿಗಾದರೆ ಮಳೆಗಾಲಕ್ಕೆ ಮೊದಲೇ ಅಲ್ಲಲ್ಲಿ ಓರೆಯಾಗಿ ಕಲ್ಲು ಹೂತು ನೀರನ್ನು ಬದಿಗೆ ತಿರುಗಿಸಿ. ದಾರಿ ಬಳಸುವವರೆಲ್ಲ ಅರ್ಧ ದಿನ ಒಟ್ಟು ಸೇರಿದರೆ ಆಗುವ ಕೆಲಸ. ಒಟ್ಟಿಗೆ ಕೆಲಸ ಮಾಡಿದವರು ದಾರಿಯಲ್ಲಿ ಸಿಕ್ಕಿದಾಗ ಬದಿ ಕೊಡಲಿಕ್ಕೂ ಹಿಂದೆಮುಂದೆ ನೋಡುವುದಿಲ್ಲ.